ಲಗ್ನಪತ್ರಿಕೆಯ ಅಚ್ಚು ಬಿಚ್ಚಿದ ದಿನ

ಕನ್ನಡ ಅಚ್ಚುಮೊಳೆಗಳನ್ನು ವಿಂಗಡಿಸಿಡುವ ಮರದ ಕೇಸಿನಲ್ಲಿ 'ಕ' ಇರುವ ಖಾನೆ ಎದೆಗೆ ನೇರವಾಗಿ, ಸ್ವಲ್ಪ ಎಡಕ್ಕೆ ಇರುತ್ತಿತ್ತು. ಅದರ ಪಕ್ಕದಲ್ಲಿ 'ತ'. ಹೆಚ್ಚು ಬೇಕಾಗುವ ಅಕ್ಷರಗಳು ಕೈಗೆ ಹತ್ತಿರ, ಅಪರೂಪದವು ದೂರ. ಈಗ ಅಚ್ಚಿನ ಕೆಲಸಕ್ಕೆ ಸೇರುವ ಹುಡುಗರಿಗೆ ಇದನ್ನು ತಿಳಿಯುವ ಅಗತ್ಯವಿಲ್ಲ. ಮೊನ್ನೆ ನಮ್ಮ ಹಳೆಯ ಪ್ರೆಸ್ಸಿನ ಸೀಸದ ಮೊಳೆಗಳನ್ನೆಲ್ಲ ಕರಗಿಸಲು ಕೊಟ್ಟುಬಿಟ್ಟರು. ಚೀಲ ಹೊರುತ್ತಿದ್ದವರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವನೊಬ್ಬ ಹಿಡಿ ತುಂಬ ಮೊಳೆ ತೆಗೆದುಕೊಂಡು, "ತಾತಾ, ಇಷ್ಟು ಸಣ್ಣವನ್ನ ಒಂದೊಂದಾ ಆರಿಸಿ ಜೋಡಿಸ್ತಿದ್ರೇನು?" ಎಂದು ಕೇಳಿದ. ಹೌದು ಎಂದೆ. ಆ ಉತ್ತರ ಸಾಲದು ಎಂದು ಮನೆಗೆ ಬಂದ ಮೇಲೆ ಅನ್ನಿಸಿತು.

ನಾನು ಯಾವಾಗ ಹೆಡ್ ಕಂಪಾಸಿಟರ್ ಆದೆ, ಯಾವಾಗ ನಿವೃತ್ತನಾದೆ ಎಂಬುದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಕೆಲಸ ಕಲಿತದ್ದು ಹೇಗೆ, ಮತ್ತು ಕಲಿಯುವ ಕಾಲದಲ್ಲಿ ನನ್ನ ಕಣ್ಣೆದುರು ನಡೆದ ಒಂದು ಸಂಗತಿ, ಇವೆರಡನ್ನು ಬರೆದಿಡುತ್ತೇನೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಬೇರೆಯಾಗಿ ಹೇಳಲು ಪ್ರಯತ್ನಿಸುತ್ತೇನೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಆದವಾನಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ವೆಂಕಣ್ಣಾಚಾರ್ಯರ ಪ್ರೆಸ್ಸು. ಆಚಾರ್ಯರು ಪಂಡಿತರ ಮನೆತನದವರು. ಪ್ರೂಫ್ ನೋಡುವುದು, ಗಿರಾಕಿಗಳ ಜೊತೆ ಮಾತನಾಡುವುದು ಅವರ ಕೆಲಸ. ಮೊಳೆ ಜೋಡಿಸುವವನು ಈರಣ್ಣ. ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಯಂತ್ರ ಖಾಸಿಂ ಸಾಬರದು. ಪೆದ್ದಹರಿವಾಣದ ಕುರಿಗಾರರ ಮನೆಯವನಾದ ನಾನು ಶಾಲೆ ಮುಗಿಸಿ ಒಂದೆರಡು ವರ್ಷ ಹತ್ತಿ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಮೂಟೆ ಹೊತ್ತು, ಮೀಸೆ ಮೂಡಿದ ಮೇಲೆ ಅಲ್ಲಿಗೆ ಸೇರಿದೆ. ಹತ್ತಿ ವ್ಯಾಪಾರಿಗಳ ರಸೀದಿ, ಮಿಲ್ಲಿನ ಚೀಟಿ ಎಲ್ಲ ತೆಲುಗು ಮತ್ತು ಇಂಗ್ಲಿಷಿನಲ್ಲಿ. ಕನ್ನಡದ ಕೆಲಸ ಎಂದರೆ ಲಗ್ನಪತ್ರಿಕೆ, ಮಠದ ಆಹ್ವಾನ ಇಷ್ಟೇ. ಹಾಗಾಗಿ ತೆಲುಗಿನ ಮೊಳೆ ಹಲವು ಕೇಸು ತುಂಬ ಇದ್ದವು. ಕನ್ನಡದ್ದು ಒಂದೇ ಜೊತೆ, ಅದೂ ಸವೆದದ್ದು. ಯುದ್ಧದಿಂದಾಗಿ ಹೊಸ ಸೀಸ ಎಲ್ಲೂ ಸಿಗುತ್ತಿರಲಿಲ್ಲ.

ಕಲಿಯುವವನಿಗೆ ಮೊದಲು ಜೋಡಿಸುವ ಕೆಲಸ ಕೊಡುತ್ತಿರಲಿಲ್ಲ, ಬಿಚ್ಚುವ ಕೆಲಸ ಕೊಡುತ್ತಿದ್ದರು. ಅಚ್ಚಾಗಿ ಮುಗಿದ ಸಾಲುಗಳನ್ನು ತೊಳೆದು, ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ಹಿಂತಿರುಗಿಸಬೇಕು. ಕೈಗೆ ಕೇಸು ಅಭ್ಯಾಸವಾಗುವುದು ಹೀಗೆಯೇ. ಮೊಳೆಯ ಮೇಲಿನ ಅಕ್ಷರ ತಿರುಗಾಮುರುಗಾ ಇರುತ್ತದೆ. ಅದು ನನಗೆ ಕಷ್ಟವಾಗಲಿಲ್ಲ. ಕುರಿಯ ಹಿಂಡು ಕಾದವನು ಕುರಿಯನ್ನು ಮುಖ ನೋಡಿಯೂ ಗುರುತಿಸುತ್ತಾನೆ, ಬೆನ್ನು ನೋಡಿಯೂ ಗುರುತಿಸುತ್ತಾನೆ.

ನಾನು ತಪ್ಪಿದ್ದು ಬೇರೆ ಕಡೆ. ತೆಲುಗಿನ ಲ, ಬ, ಜ, ಣ ಮತ್ತು ಕನ್ನಡದ ಲ, ಬ, ಜ, ಣ ನೋಡಲು ಅಕ್ಕತಂಗಿಯರ ಹಾಗೆ. ಸೇರಿದ ಹೊಸದರಲ್ಲಿ ಒಂದು ರಸೀದಿಯನ್ನು ಬಿಚ್ಚುತ್ತ ತೆಲುಗಿನವನ್ನು ಕನ್ನಡದ ಖಾನೆಗಳಿಗೆ ಹಾಕಿಕೊಂಡು ಹೋದೆ. ಮರುದಿನ ಈರಣ್ಣ ಒಂದು ಸಾಲು ಜೋಡಿಸಿದವನೇ ಕೈ ನಿಲ್ಲಿಸಿದ.

"ಏನ್ಲೇ ಬೀರಪ್ಪಾ, ಯಾರ ಹಿಂಡಿನ ಕುರಿ ಯಾರ ಹಟ್ಯಾಗ ಕೂಡಿಸಿದಿ?"

"ಎರಡೂ ಒಂದೇ ಥರ ಅದಾವಲ್ಲ ಕಾಕಾ."

"ಕಣ್ಣಿಗೆ ಒಂದೇ ಥರ. ಕಣ್ಣು ಮುಚ್ಚು, ಕೈ ಕೊಡು."

ಕಣ್ಣು ಮುಚ್ಚಿದೆ. ಹೆಬ್ಬೆರಳಿನ ಕೆಳಗೆ ಒಂದು ಮೊಳೆ ಇಟ್ಟ. ಮೊಳೆಯ ಮೈಮೇಲೆ ಒಂದು ಗೀರು ಇತ್ತು. ಇನ್ನೊಂದು ಇಟ್ಟ. ಅದಕ್ಕೆ ಎರಡು ಗೀರು. ತೆಲುಗಿನದು ಒಂದು ಕಾರ್ಖಾನೆಯಲ್ಲಿ ಎರಕ ಹೊಯ್ದದ್ದು, ಕನ್ನಡದ್ದು ಇನ್ನೊಂದರಲ್ಲಿ. ಅಕ್ಷರ ನೋಡದೆಯೇ ಹೆಬ್ಬೆರಳಿಗೆ ಗೊತ್ತಾಗಬೇಕು. ಅಂದು ಇಡೀ ಮಧ್ಯಾಹ್ನ ಕೂತು ಅವೆರಡನ್ನೂ ಬೇರೆ ಮಾಡಿದೆ. ಖಾಸಿಂ ಸಾಬರು ಯಂತ್ರ ತುಳಿಯುತ್ತಲೇ, "ಅಚ್ಛಾ ಹುವಾ ಬೀರಪ್ಪಾ, ತೆಲುಗೋರು ಕನ್ನಡದೋರು ಕೂಡಿ ಬಾಳ್ವಿ ಮಾಡ್ಲಿ ಬಿಡು, ಯಾಕ ಬಿಡಸ್ತಿ?" ಎಂದು ನಗುತ್ತಿದ್ದರು.

ನಿಜ ಹೇಳಬೇಕೆಂದರೆ ನಾವೇ ಅವನ್ನು ಕೂಡಿಸುತ್ತಿದ್ದೆವು. ಕನ್ನಡದ ಲ ಮುಗಿದರೆ ತೆಲುಗಿನ ಲ ಹಾಕುತ್ತಿದ್ದೆವು. ಓದುವವರು ಗಮನಿಸುತ್ತಿರಲಿಲ್ಲ. ಆಚಾರ್ಯರು ಗಮನಿಸಿದರೂ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಸುಮ್ಮನಿರುತ್ತಿದ್ದರು. ಆದರೆ ಕ ಮತ್ತು ತ ಎರವಲು ಬರುವಂಥವಲ್ಲ. ಆ ಎರಡು ಭಾಷೆಗಳಲ್ಲಿ ಅವುಗಳ ರೂಪವೇ ಬೇರೆ. ಅವು ಮುಗಿದರೆ ಕೆಲಸ ನಿಂತಂತೆ.

ಇನ್ನು ಒಂದು ಪದ್ಧತಿಯನ್ನು ಹೇಳಬೇಕು. ಲಗ್ನಪತ್ರಿಕೆ ಅಚ್ಚಾದ ಮೇಲೆ ಅದರ ಮೊಳೆಗಳನ್ನು ಬಿಚ್ಚುತ್ತಿರಲಿಲ್ಲ. ಸುತ್ತ ದಾರ ಕಟ್ಟಿ, ಮೂಲೆಗೆ ಅರಿಶಿನದ ಬೊಟ್ಟಿಟ್ಟು, ಕಲ್ಲುಮೇಜಿನ ಒಂದು ಬದಿಗೆ ಇಡುತ್ತಿದ್ದೆವು. ಮದುವೆಯಾಗಿ ಅಕ್ಷತೆ ಬಿತ್ತು ಎಂದು ಯಾರಾದರೂ ಬಂದು ಹೇಳಿದ ಮೇಲೆಯೇ ಬಿಚ್ಚುವುದು. ಹೆಣ್ಣಿನ ಹೆಸರೂ ಗಂಡಿನ ಹೆಸರೂ ಒಂದೇ ಕಟ್ಟಿನಲ್ಲಿ ಕೂಡಿವೆ, ಗಂಟು ಬೀಳುವ ಮೊದಲು ಅವನ್ನು ಅಗಲಿಸಬಾರದು ಎಂದು ಈರಣ್ಣ ನನಗೆ ಹೇಳಿಕೊಟ್ಟ. ಅವನಿಗೆ ಅವನ ಗುರು ಹೇಳಿದ್ದಂತೆ. ಮುಹೂರ್ತ ಬದಲಾಗಿ ಅಥವಾ ಪತ್ರಿಕೆ ಸಾಲದೆ ಜನ ಮತ್ತೆ ಬರುತ್ತಿದ್ದುದರಿಂದ ಯಾರೋ ಜಾಣ ಕೆಲಸಗಾರ ಮಾಡಿದ ಏರ್ಪಾಡು ಅದಾಗಿರಬಹುದು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ. ಆ ಕಟ್ಟಿನ ಹತ್ತಿರ ಹೋಗುವಾಗ ನಾನೂ ಚಪ್ಪಲಿ ಕಳಚುತ್ತಿದ್ದೆ.

ಈರಣ್ಣನಿಗೆ ಒಬ್ಬಳೇ ಮಗಳು, ಕನಕಮ್ಮ. ತಾಯಿ ಇಲ್ಲದವಳು. ಮಧ್ಯಾಹ್ನ ಬುತ್ತಿ ತರುತ್ತಿದ್ದುದರಿಂದ ನಮಗೆಲ್ಲ ಪರಿಚಿತಳು. ತುಂಗಭದ್ರೆಯ ದಂಡೆಯ ನಾಗಲದಿನ್ನೆಯ ತಮ್ಮಣ್ಣ ಎಂಬ ರೈತರ ಹುಡುಗನಿಗೆ ಅವಳನ್ನು ಕೊಡುವುದೆಂದು ಆಯಿತು. ಅವನನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ. ಪ್ರೆಸ್ಸಿಗೆ ಬಂದು, ಯಂತ್ರ ತಿರುಗುವುದನ್ನು ಕೈಕಟ್ಟಿ ನೋಡುತ್ತ ನಿಂತಿದ್ದ. ಮಾತು ಕಡಿಮೆ.

ಮಗಳ ಪತ್ರಿಕೆಯನ್ನು ಈರಣ್ಣ ತಾನೇ ಜೋಡಿಸಿದ. ಸುತ್ತಲೂ ಬಳ್ಳಿಯ ಅಂಚು ಹಾಕಿದ. ಹೆಸರುಗಳನ್ನು ಜೋಡಿಸುವಾಗ ಒಂದೊಂದು ಮೊಳೆಯನ್ನೂ ಬೆಳಕಿಗೆ ಹಿಡಿದು, ಸವೆಯದ್ದನ್ನೇ ಹುಡುಕಿ ಹಾಕಿದ. "ಏನಪ್ಪಾ ಈರಣ್ಣಾ, ಮೊಳೀಗೂ ಜಾತಕ ನೋಡ್ತೀಯಾ?" ಎಂದು ಆಚಾರ್ಯರು ಹಾಸ್ಯ ಮಾಡಿದರು. ಪತ್ರಿಕೆಗಳು ಹಂಚಿಹೋದವು. ಅಚ್ಚನ್ನು ದಾರ ಕಟ್ಟಿ ಕಲ್ಲಿನ ಮೇಲೆ ಇಟ್ಟೆವು. ಮದುವೆ ಮುಂದಿನ ವಾರ.

ಆಗ ಒಂದು ದಿನ ಬೆಳಿಗ್ಗೆ ಹೆಲ್ತ್ ಇನ್ಸ್‌ಪೆಕ್ಟರು ಬಂದರು. ಸೈಕಲ್ಲನ್ನು ಗೋಡೆಗೆ ಒರಗಿಸಲೂ ಆಗದಷ್ಟು ದಣಿದಿದ್ದರು. ನೀರು ಕೇಳಿ ಕುಡಿದು, "ಆಚಾರ್ಯಗಾರೂ, ರೇಪು ಪೊದ್ದುನಕಲ್ಲಾ ಕಾವಾಲಿ" ಎಂದರು. ನಾಳೆ ಬೆಳಿಗ್ಗೆಗೇ ಬೇಕು. ಹೊಳೆ ದಂಡೆಯ ಊರುಗಳಲ್ಲಿ ಕಾಲರಾ ಹತ್ತಿತ್ತು. ನಾಗಲದಿನ್ನೆಯಲ್ಲಿ ಆಗಲೇ ಸಾವುಗಳಾಗಿದ್ದವು. ನೀರು ಕಾಯಿಸಿ ಕುಡಿಯಬೇಕು, ಹೊಳೆಯಲ್ಲಿ ರೋಗಿಗಳ ಬಟ್ಟೆ ಒಗೆಯಬಾರದು ಎಂಬ ಕರಪತ್ರ. ತೆಲುಗಿನಲ್ಲೂ ಬೇಕು, ಕನ್ನಡದಲ್ಲೂ ಬೇಕು. ಹೊಳೆಯ ಈ ದಂಡೆಯ ಕೆಲವು ಊರುಗಳಲ್ಲೂ ಆಚೆ ದಂಡೆಯಲ್ಲೂ ಓದಬಲ್ಲವರು ಕಲಿತದ್ದು ಕನ್ನಡ.

ಈರಣ್ಣ ನಾಗಲದಿನ್ನೆಯ ಹೆಸರು ಕೇಳಿ ಕೈಯಲ್ಲಿದ್ದ, ಮೊಳೆ ಜೋಡಿಸುವ ಸ್ಟಿಕ್ಕನ್ನು ಕೆಳಗಿಟ್ಟ. "ತಮ್ಮಣ್ಣ ಅಂತ, ರೈತರ ಪೈಕಿ..." ಎಂದು ಕೇಳಿದ. ಇನ್ಸ್‌ಪೆಕ್ಟರಿಗೆ ಹೆಸರುಗಳು ಗೊತ್ತಿರಲಿಲ್ಲ.

ತೆಲುಗಿನದು ಬೇಗ ಸಿದ್ಧವಾಯಿತು. ಕನ್ನಡದ್ದನ್ನು ಆಚಾರ್ಯರು ಬರೆದುಕೊಟ್ಟರು. ಅವರ ಬರಹ ಗ್ರಂಥದ್ದು. 'ಜಲವನ್ನು ಕುದಿಸಿ ಆರಿಸಿದ ತರುವಾಯ ಪಾನ ಮಾಡತಕ್ಕದ್ದು' ಎಂಬ ರೀತಿ. ಈರಣ್ಣ ಓದಿ ತಲೆ ಕೆರೆದುಕೊಂಡ.

"ಸ್ವಾಮೀ, ಎಲ್ಲಾ ಸಾಲಿಗೂ ಒಂದೊಂದು 'ತಕ್ಕದ್ದು' ಬಂದೈತ್ರಿ. ಅಷ್ಟು 'ತ' ನಾ ಹೆತ್ತು ಕೊಡಬೇಕಷ್ಟೆ."

"ಹೆರಬ್ಯಾಡಪ್ಪಾ. ನಾನೇ ಹೊಡೆದು ಹಾಕ್ತೀನಿ" ಎಂದು ಆಚಾರ್ಯರು ನಕ್ಕು, ಕಾಗದ ವಾಪಸು ತೆಗೆದುಕೊಂಡು, 'ಕುದಿಸಿದ ನೀರನ್ನೇ ಕುಡಿಯಿರಿ' ಎಂದು ಮಾಡಿದರು. ಉಳಿದ ಸಾಲುಗಳನ್ನೂ ಹಾಗೆಯೇ ಇಳಿಸಿದರು. ಆದರೂ ಅರ್ಧಕ್ಕೆ ಬರುವಷ್ಟರಲ್ಲಿ ಕ ಮುಗಿಯಿತು, ತ ಮುಗಿಯಿತು. ಈರಣ್ಣ ಖಾಲಿ ಖಾನೆಯಲ್ಲಿ ಬೆರಳಾಡಿಸಿದ. ಆಮೇಲೆ ಅವನ ಕಣ್ಣು ಕಲ್ಲಿನ ಮೇಲಿನ ಕಟ್ಟಿನ ಕಡೆ ಹೋಯಿತು. ನಮ್ಮೆಲ್ಲರ ಕಣ್ಣೂ ಹೋಯಿತು.

"ಅದನ್ನ ನೋಡಬ್ಯಾಡ ಈರಣ್ಣಾ" ಎಂದರು ಆಚಾರ್ಯರು. "ತೆಲುಗಿನ್ಯಾಗಷ್ಟೇ ಹೊಡೆದು ಕೊಡೋಣ."

ಇನ್ಸ್‌ಪೆಕ್ಟರು, "ಕನ್ನಡದ್ದನ್ನು ಬಳ್ಳಾರಿಗೆ ಕಳಿಸಿದರೆ ಬರುವಷ್ಟರಲ್ಲಿ ಆ ಊರಲ್ಲಿ ಯಾರಿರುತ್ತಾರೋ" ಎಂದು ಮೆಲ್ಲಗೆ ಹೇಳಿದರು. ಒತ್ತಾಯ ಮಾಡಿದ್ದಲ್ಲ. ಅವರಿಗೆ ಆ ಕಟ್ಟಿನ ಸಂಗತಿ ಗೊತ್ತೇ ಇರಲಿಲ್ಲ.

ಖಾಸಿಂ ಸಾಬರು ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದರು. "ಬೇಟೀದು ಐತಿ ಭಾಯಿ. ನಾ ಬಾಯಿ ಹಾಕಂಗಿಲ್ಲ."

ಅಷ್ಟರಲ್ಲಿ ಕನಕಮ್ಮ ಬುತ್ತಿ ತಂದಳು. ಎಲ್ಲರೂ ಸುಮ್ಮನೆ ನಿಂತಿರುವುದನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

"ಯಾಕಪ್ಪಾ, ಮಷೀನು ಮುರೀತೇನು?"

"ಮಷೀನು ಚಲೋ ಐತಿ ಬೇಟಿ. ಮಂದಿ ನಿಂತುಬಿಟ್ಟಾರ" ಎಂದರು ಖಾಸಿಂ ಸಾಬರು.

ಈರಣ್ಣ ಹೇಳಿದ. ಸುತ್ತಿಬಳಸದೆ, ಮೂರು ನಾಲ್ಕು ಮಾತಿನಲ್ಲಿ ಹೇಳಿದ. ಅವಳು ಬುತ್ತಿಯನ್ನು ಕಟ್ಟೆಯ ಮೇಲಿಟ್ಟಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಆ ಕಾಗದ ನಾಗಲದಿನ್ನಿಗೇನು?"

"ಹೌದವ್ವಾ."

"ಊರಾಗ ಮಂದಿ ಇದ್ರ ಅಲ್ಲೇನಪ್ಪಾ ಮದುವಿ" ಎಂದಳು. ಬಾಗಿಲ ಕಡೆ ತಿರುಗಿ, "ರೊಟ್ಟಿ ಆರ್ತಾವ, ಉಣ್ಣು" ಎಂದು ಹೇಳಿ ಹೊರಟುಹೋದಳು.

ಬಿಚ್ಚು ಎಂದು ಅವಳೇ ಹೇಳಿದಳು, ತನ್ನ ಕೈಯಿಂದಲೇ ದಾರ ಎಳೆದಳು ಎಂದು ಆಮೇಲೆ ಓಣಿಯಲ್ಲಿ ಹಬ್ಬಿತು. ನಾನು ಅಲ್ಲಿದ್ದೆ. ಅವಳು ಆ ಮಾತು ಆಡಲಿಲ್ಲ. ದಾರವನ್ನು ಮುಟ್ಟಲೂ ಇಲ್ಲ.

ಈರಣ್ಣ ಕೈ ತೊಳೆದು ಬಂದ. "ನೀರು ಹಾಕು" ಎಂದ. ಬಿಚ್ಚುವಾಗ ಸಾಲು ಚದುರದಿರಲಿ ಎಂದು ಮೊಳೆಗಳನ್ನು ಒದ್ದೆ ಮಾಡುವುದು ರೂಢಿ. ನಾನು ಬಟ್ಟೆ ಹಿಂಡಿದೆ. ಅವನು ದಾರದ ತುದಿ ಹುಡುಕಿ ಬಿಚ್ಚಿದ. ಕೆಳಗಿನಿಂದ ಶುರುಮಾಡಿದ. ಆಗಮನ ಕೋರುವ ಸಾಲು ಹೋಯಿತು. ಮದುವೆ ನಡೆಯುವ ಜಾಗ ಹೋಯಿತು. ಬೇಕಾದ ಮೊಳೆಯನ್ನು ಖಾನೆಗೆ ಹಾಕದೆ ನೇರವಾಗಿ ಕರಪತ್ರದ ಸಾಲಿಗೇ ಇಡುತ್ತಿದ್ದ. ಎರಡು ಹೆಸರುಗಳನ್ನು ಬಿಟ್ಟು ಸುತ್ತಲಿನದನ್ನೆಲ್ಲ ತೆಗೆದ. ಅವು ಉಳಿಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ಇನ್ನೂ ಸಾಲಲಿಲ್ಲ. ಕನಕಮ್ಮ ಎಂಬ ಹೆಸರಿನಲ್ಲಿ ಎರಡು ಕ. ತಮ್ಮಣ್ಣನಲ್ಲಿ ಒಂದು ತ. ಅವನ್ನೂ ತೆಗೆದ. ಅವನ ಕೈ ಆಗ ನಡುಗಲಿಲ್ಲ. ನಡುಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಡುಗಲಿಲ್ಲ. ಎಂದಿನ ವೇಗದಲ್ಲೇ ಮಾಡಿದ.

ದೀಪ ಹಚ್ಚುವ ಹೊತ್ತಿಗೆ ಅಚ್ಚು ಮುಗಿಯಿತು. ಇನ್ಸ್‌ಪೆಕ್ಟರು ಕಟ್ಟನ್ನು ಸೈಕಲ್ಲಿಗೆ ಬಿಗಿದುಕೊಂಡು ಹೋದರು. ಆ ರೊಟ್ಟಿಯನ್ನು ಈರಣ್ಣ ಉಂಡನೋ ಇಲ್ಲವೋ ನನಗೆ ನೆನಪಿಲ್ಲ.

ಮದುವೆಯ ದಿನ ಬರುವ ಮೊದಲೇ ನಾಗಲದಿನ್ನೆಯಿಂದ ತಮ್ಮಣ್ಣನ ಸೋದರಮಾವ ಬಂದ. ಬಾಗಿಲ ಹೊರಗೇ ನಿಂತು ಹೇಳಿದ. ತಮ್ಮಣ್ಣ ಹಿಂದಿನ ದಿನ ತೀರಿಕೊಂಡಿದ್ದ.

ಈರಣ್ಣನನ್ನು ಒಬ್ಬನನ್ನೇ ಕಳಿಸಬಾರದೆಂದು ಆಚಾರ್ಯರು ನನ್ನನ್ನು ಜೊತೆಗೆ ಕಳಿಸಿದರು. ಎಮ್ಮಿಗನೂರಿನವರೆಗೆ ಬಸ್ಸು, ಮುಂದೆ ನಾಗಲದಿನ್ನೆಯವರೆಗೆ ನಡಿಗೆ. ಊರಿನ ಬಾವಿಗಳ ಸುತ್ತ ಸುಣ್ಣ ಸುರಿದಿದ್ದರು. ಬಾಗಿಲು ಮುಚ್ಚಿದ ಮನೆಗಳು ಕೆಲವಿದ್ದವು. ಆದರೆ ಬಹಳಷ್ಟು ಮನೆಗಳ ಅಂಗಳದಲ್ಲಿ ಒಲೆ ಹೂಡಿ ದೊಡ್ಡ ಹಂಡೆಗಳಲ್ಲಿ ನೀರು ಕುದಿಸುತ್ತಿದ್ದರು. ಚಾವಡಿಯ ಗೋಡೆಗೆ ನಮ್ಮ ಕರಪತ್ರವನ್ನು ಅಂಬಲಿಯಿಂದ ಅಂಟಿಸಿದ್ದರು. ಅದರಲ್ಲಿ ತೆಲುಗಿನ ಲ ಎಲ್ಲೆಲ್ಲಿ ಇದೆ ಎಂದು ದೂರದಿಂದಲೇ ನನಗೆ ಕಂಡಿತು.

ಚಾವಡಿಯಲ್ಲಿ ಕೂತಿದ್ದ ಮುದುಕ ತಮ್ಮಣ್ಣನ ಬಗ್ಗೆ ಹೇಳಿದ:

"ಸಾಲಿ ಮೇಷ್ಟ್ರು ತಮ್ಮೂರಿಗೆ ಹೋಗಿಬಿಟ್ಟಿದ್ರು. ಓದಾಕ ಬರೋದು ಈ ಹುಡುಗಗ ಒಬ್ಬಗ. ಮನಿಮನಿಗೆ ಹೋಗಿ ಓದಿ ಹೇಳಿದ. ಎಲ್ರೂ ಮಲಗಿಬಿಟ್ಟ ಮನ್ಯಾಗ ತಾನೇ ಒಲಿ ಹಚ್ಚಿ ನೀರು ಕಾಸಿಕೊಟ್ಟ. ಬ್ಯಾಡ ತಮ್ಮಾ, ದೂರ ಇರು ಅಂದ್ವಿ. ಕೇಳಲಿಲ್ಲ. ಈಗ ಸಾವು ತಗ್ಗ್ಯಾವ ನೋಡ್ರಿ. ಅವನೇ ಇಲ್ಲ."

ತಮ್ಮಣ್ಣನ ಮನೆಯ ಮುಂದೆ ಸ್ವಲ್ಪ ಹೊತ್ತು ಕೂತೆವು. ಅವನ ತಾಯಿ ಹನುಮವ್ವ ಹೊರಗೆ ಬರಲಿಲ್ಲ. ತಂದೆ ಮೊದಲೇ ಇರಲಿಲ್ಲ. ಯಾರೂ ನಮಗೆ ಕೆಟ್ಟ ಮಾತು ಆಡಲಿಲ್ಲ. ಒಳ್ಳೆಯ ಮಾತೂ ಆಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಈರಣ್ಣ ಒಂದೇ ಸಲ ಮಾತನಾಡಿದ. "ನಾ ಬಿಚ್ಚದಿದ್ರ ಕಾಗದ ಹೋಗ್ತಿರಲಿಲ್ಲ. ಕಾಗದ ಹೋಗದಿದ್ರ ಅವ ಮನಿಮನಿ ತಿರುಗ್ತಿರಲಿಲ್ಲ."

"ಕಾಗದ ಹೋಗದಿದ್ರ ಇನ್ನೂ ಎಷ್ಟು ಮಂದಿ ಸಾಯ್ತಿದ್ರೋ ಕಾಕಾ."

"ಅದು ಊರಿನ ಮಾತು ಬೀರಪ್ಪಾ. ನಾ ಕನಕವ್ವನ ಅಪ್ಪ."

 

ಆದವಾನಿಯಲ್ಲಿ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಅಚ್ಚು ಬಿಚ್ಚಿದ್ದಕ್ಕೆ ಗಂಡು ಸತ್ತ, ಬಿಚ್ಚಿಸಿದವಳು ಹುಡುಗಿಯೇ ಎಂದು ನಲ್ಲಿಯ ಹತ್ತಿರ ಹೆಂಗಸರು ಮಾತನಾಡಿಕೊಂಡರು. ಕನಕಮ್ಮ ಬುತ್ತಿ ತರುವುದನ್ನು ನಿಲ್ಲಿಸಿದಳು. ಅವಳನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ ಒಂದೆರಡು ಮನೆಯವರು ಬರಲಿಲ್ಲ. ಮಗಳು ಹೀಗೆಯೇ ಉಳಿದುಬಿಡುತ್ತಾಳೆ ಎಂಬ ಭಯ ಈರಣ್ಣನನ್ನು ದಿನದಿನಕ್ಕೂ ಒಣಗಿಸಿತು.

ಅವನು ಕನ್ನಡದ ಕೇಸನ್ನು ಮುಟ್ಟುವುದನ್ನು ಬಿಟ್ಟ. ಯಾರಿಗೂ ಹೇಳಲಿಲ್ಲ. ಕನ್ನಡದ ಕೆಲಸ ಬಂದರೆ ಕಾಗದವನ್ನು ನನ್ನ ಕಡೆ ಸರಿಸಿ, ತಾನು ತೆಲುಗಿನ ಕಡೆ ತಿರುಗುತ್ತಿದ್ದ. ನಾನು ಕನ್ನಡ ಜೋಡಿಸಲು ಕಲಿತದ್ದು ಹೀಗೆ. ತಪ್ಪಿದರೆ ಬೈಯುವವರಿರಲಿಲ್ಲ. ಬೈಯದ ಗುರುವಿನ ಹತ್ತಿರ ಕಲಿಯುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ನನ್ನ ಸಾಲುಗಳು ಸಡಿಲ ಬಿದ್ದು ಮೊಳೆಗಳು ಯಂತ್ರದಲ್ಲಿ ಉದುರುತ್ತಿದ್ದವು. ಖಾಸಿಂ ಸಾಬರು ಅವನ್ನು ಆರಿಸಿಕೊಂಡು ಬಂದು ನನ್ನ ಮುಂದೆ ಇಟ್ಟು, "ನಿನ್ನ ಹಲ್ಲು ಬಿದ್ದಾವ ನೋಡಪ್ಪಾ" ಎನ್ನುತ್ತಿದ್ದರು. ಮೊದಲಿನಂತಿದ್ದರೆ ಈರಣ್ಣ ನಗುತ್ತಿದ್ದ. ಸಾಲನ್ನು ಬೆರಳಿನಿಂದ ಒತ್ತಿ, ಅದು ಮಿಸುಕದೆ ನಿಲ್ಲುವಷ್ಟು ಬಿಗಿ ಮಾಡುವುದನ್ನು ನಾನು ಒಬ್ಬನೇ ಕಂಡುಕೊಳ್ಳಬೇಕಾಯಿತು.

ಇದನ್ನು ಓದುವ ಹುಡುಗರು ಕೇಳಬಹುದು, ನೀವು ಆ ಪದ್ಧತಿಯನ್ನು ನಂಬಿದ್ದಿರಾ ಎಂದು. ನಂಬಿದ್ದೆ. ಅಷ್ಟೇ ಅಲ್ಲ, ತಮ್ಮಣ್ಣ ಸತ್ತ ಮೇಲೆ ಮೊದಲಿಗಿಂತ ಹೆಚ್ಚು ನಂಬಿದೆ. ಚಾವಡಿಯ ಮುದುಕ ಹೇಳಿದ್ದನ್ನು ಕಿವಿಯಾರೆ ಕೇಳಿ ಬಂದವನು ನಾನು. ಆದರೂ ಕಲ್ಲಿನ ಮೇಲೆ ಬೇರೆ ಯಾರದೋ ಲಗ್ನಪತ್ರಿಕೆಯ ಕಟ್ಟು ಕಂಡಾಗ ಮೈ ಜುಮ್ಮೆನ್ನುತ್ತಿತ್ತು. ಕಂಡದ್ದೂ ನಂಬಿದ್ದೂ ಒಂದೇ ಎದೆಯಲ್ಲಿ ಜಗಳವಾಡದೆ ಇರಬಲ್ಲವು. ಇದನ್ನು ನಾನು ನನ್ನಲ್ಲೇ ನೋಡಿದ್ದೇನೆ.

ಮುಂದಿನ ಹತ್ತಿ ಸುಗ್ಗಿ ಬಂತು. ಮಾರುಕಟ್ಟೆಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತು ಓಣಿಯೊಳಗೂ ಹತ್ತಿಯ ಎಳೆ ಹಾರುತ್ತಿತ್ತು. ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ಈರಣ್ಣ ಅನ್ನೋರು ಇಲ್ಲೇ ಅದಾರೇನ್ರಿ?" ಎಂದಳು. ಈರಣ್ಣ ಎದ್ದು ನಿಂತ. ಆಕೆ ಯಾರೆಂದು ಹೇಳುವ ಮೊದಲೇ ಅವನಿಗೆ ಗೊತ್ತಾಯಿತು ಎಂದು ಕಾಣುತ್ತದೆ. ಹನುಮವ್ವ. ತನ್ನ ತಮ್ಮನ ಗಾಡಿಯಲ್ಲಿ ಹತ್ತಿಯ ಜೊತೆ ಬಂದಿದ್ದಳು. ಆಚಾರ್ಯರು ಕೂರಲು ಹೇಳಿದರು. ಕಾಗದದ ಕಟ್ಟಿನ ಮೇಲೆ ಕೂತಳು.

"ನನ್ನ ಮಗ ಓದಿದ ಕಾಗದ ಇಲ್ಲಿ ಐತೇನ್ರಿ? ಚಾವಡ್ಯಾಗಿಂದು ಮಳಿಗೆ ಹೋತು."

ಪ್ರತಿ ಕೆಲಸದ ಒಂದು ಪ್ರತಿಯನ್ನು ನಾವು ಗೋಡೆಯ ತಂತಿಗೆ ಚುಚ್ಚಿಡುತ್ತಿದ್ದೆವು. ಹುಡುಕಿ ತೆಗೆದೆ.

"ನನಗ ಓದಾಕ ಬರಂಗಿಲ್ಲ. ನೀನು ಓದಪ್ಪಾ."

ನಾನು ಈರಣ್ಣನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ. ಓದಿದೆ. "ಕುದಿಸಿದ ನೀರನ್ನೇ ಕುಡಿಯಿರಿ. ರೋಗಿಗಳ ಬಟ್ಟೆಗಳನ್ನು ಹೊಳೆಯಲ್ಲಿ ಒಗೆಯಬೇಡಿರಿ..."

ಆಕೆ ಕೈ ಎತ್ತಿ ನಿಲ್ಲಿಸಿದಳು. "ಅವ ಹಿಂಗ ಓದಲಿಲ್ಲ. 'ಯವ್ವಾ, ನೀರು ಕುದಿಸಿ ಕುಡೀರಬೇ, ಹೊಳಿಗೆ ಬಟ್ಟಿ ಒಯ್ಯಬ್ಯಾಡ್ರಬೇ' ಅಂತಿದ್ದ. ಸಾಲಿ ಹುಡುಗರಂಗ ರಾಗ ಎಳೀತಿದ್ದ. ನನ್ನ ಮುಂದ ಮೊದಲು ಓದಿದ. ನಾ ನಕ್ಕುಬಿಟ್ಟೆ."

ಆಚಾರ್ಯರು ಪ್ರೂಫಿನ ಮೇಲಿನ ಲೇಖನಿ ಕೆಳಗಿಟ್ಟರು. ಯಂತ್ರ ನಿಂತಿತ್ತು.

"ಹುಡುಗಿ ಹೆಂಗದಾಳ?" ಎಂದು ಹನುಮವ್ವ ಈರಣ್ಣನನ್ನು ಕೇಳಿದಳು.

"ಮನ್ಯಾಗ ಅದಾಳವ್ವಾ."

"ಮದುವಿ ಯಾಕ ಮಾಡಿಲ್ಲ?"

"ಯಾರೂ ಬರವಲ್ರು." ಈರಣ್ಣ ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಹೇಳಿದ. "ಮಂದಿ ಹೇಳೋದು ಸುಳ್ಳಲ್ಲವ್ವಾ. ಮೊಳಿ ಬಿಚ್ಚಿದವ ನಾನೇ. ನಿನ್ನ ಮಗನ ಹೆಸರು ನನ್ನ ಕೈಲೇ ಕಿತ್ತೆ."

"ಆ ಮಾತು ನಮ್ಮೂರಿಗೂ ಬಂದೈತಿ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತದ್ದಲ್ಲ, ಬೆವರು. "ನಾನೂ ಬಹಳ ದಿನ ಹಂಗ ಅಂದ್ಕೊಂಡಿದ್ದೆ. ಈರಣ್ಣಾ, ನೀನು ಮೊಳಿ ಕಿತ್ತಿದ್ದಕ್ಕ ನನ್ನ ಮಗ ಸತ್ತ ಅಂದ್ರ, ಅವ ಮಾಡಿದ್ದೇನಾತು? ಮನಿಮನಿ ತಿರುಗಿದ್ದು, ಒಲಿ ಹಚ್ಚಿದ್ದು, ಎಲ್ಲಾ ಲೆಕ್ಕಕ್ಕಿಲ್ಲೇನು? ನಾ ಬ್ಯಾಡ ಅಂದೆ, ಸೀರಿ ಸೆರಗು ಹಾಸಿ ಬ್ಯಾಡ ಅಂದೆ. ನನ್ನ ಮಾತು ಕೇಳದವ ನಿನ್ನ ಸೀಸದ ತುಣುಕಿನ ಮಾತು ಕೇಳ್ಯಾನೇನು? ಅವ ತಾನಾಗೇ ಹೋದ. ಅದು ಅವಂದು. ಅದನ್ನ ನೀನು ಕಸ್ಕೊಬ್ಯಾಡ."

ಈರಣ್ಣ ಕೂತುಬಿಟ್ಟ. ಕೇಸಿನ ಕಾಲು ಹಿಡಿದುಕೊಂಡು ನೆಲದ ಮೇಲೆಯೇ ಕೂತ. ನಮ್ಮಲ್ಲಿ ಯಾರೂ ಅವನನ್ನು ಎಬ್ಬಿಸಲು ಹೋಗಲಿಲ್ಲ.

"ಮಗಳ ಮದುವಿ ಮಾಡು" ಎಂದಳು ಹನುಮವ್ವ, ಎದ್ದು ನಿಂತು. "ನನಗೂ ಒಂದು ಪತ್ರಿಕಿ ಕಳಸು. ಮಂದಿ ಮುಂದ ನಾ ಬಂದು ಅಕ್ಕಿಕಾಳು ಹಾಕ್ತೀನಿ. ಆಮ್ಯಾಲೆ ಯಾರು ಏನಂತಾರ ನೋಡೋಣು."

ಕರಪತ್ರವನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡು ಹೋದಳು. ಹೋಗುವಾಗ ಈರಣ್ಣನ ಮನೆಗೂ ಹೋಗಿ ಕನಕಮ್ಮನಿಗೆ ಕುಂಕುಮ ಹಚ್ಚಿದಳೆಂದು ಆಮೇಲೆ ಕೇಳಿದೆ. ಅದನ್ನು ನಾನು ನೋಡಿಲ್ಲ.

ಆ ಕುಂಕುಮದ ಸುದ್ದಿಯೂ ನಲ್ಲಿಯ ಹತ್ತಿರ ಮುಟ್ಟಿತು. ಕೆಲವು ತಿಂಗಳಲ್ಲಿ ಹಾಲಹರವಿಯ ಕಡೆಯಿಂದ ಸಂಬಂಧ ಕೂಡಿ ಬಂತು. ಹುಡುಗನ ಹೆಸರು ಮಲ್ಲೇಶಿ. ಪತ್ರಿಕೆಯ ಬರಹವನ್ನು ಆಚಾರ್ಯರು ರೂಢಿಯಂತೆ ನನ್ನ ಮುಂದೆ ಇಟ್ಟರು. ಈರಣ್ಣ ಬಂದು ಅದನ್ನು ತೆಗೆದುಕೊಂಡ. ಕನ್ನಡದ ಕೇಸಿನ ಮುಂದೆ ನಿಂತು, ಮೊದಲ ಮೊಳೆಗೆ ಕೈ ಹಾಕಿ, "ಇದೇನ್ಲೇ ಬೀರಪ್ಪಾ, ಕೇಸು ಇಟ್ಟೀಯೋ ಕಸದ ಗುಂಡಿ ಇಟ್ಟೀಯೋ?" ಎಂದು ಬೈದ. ಅಷ್ಟು ದಿನಗಳ ಮೇಲೆ ಕೇಳಿದ ಆ ಬೈಗುಳ ನನ್ನ ಕಣ್ಣಲ್ಲಿ ನೀರು ತಂದಿತು.

ಅಚ್ಚು ಮುಗಿದ ಮೇಲೆ ದಾರ ಕಟ್ಟಬೇಕೋ ಬಿಚ್ಚಬೇಕೋ ನನಗೆ ತಿಳಿಯದೆ ನಿಂತೆ. "ಮೊಳಿ ಬೇಕಾದ್ರ ಬಿಚ್ಚು" ಎಂದ ಈರಣ್ಣ. ಆ ದಿನಗಳಲ್ಲಿ ಕನ್ನಡದ ಬೇರೆ ಕೆಲಸ ಬರಲಿಲ್ಲ, ಹಾಗಾಗಿ ಬಿಚ್ಚಬೇಕಾಗಲಿಲ್ಲ. ನಾನು ಹೆಡ್ ಆದ ಮೇಲೆ ನನ್ನ ಕೈಕೆಳಗೆ ಕಲಿತವರಿಗೆಲ್ಲ ಅವನ ಆ ಒಂದು ಮಾತನ್ನೇ ಹೇಳುತ್ತ ಬಂದೆ. ಹೆಚ್ಚೂ ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ.

ಹನುಮವ್ವನ ಪತ್ರಿಕೆಯನ್ನು ತಲುಪಿಸಲು ನಾನೇ ನಾಗಲದಿನ್ನೆಗೆ ಹೋದೆ. ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರವನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು ಪತ್ರಿಕೆ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿದಳು. ಟ್ರೆಡಲಿನಲ್ಲಿ ಗಟ್ಟಿಯಾಗಿ ಒತ್ತಿದ ಅಕ್ಷರ ಕಾಗದದ ಬೆನ್ನಿಗೆ ಉಬ್ಬಿಕೊಳ್ಳುತ್ತದೆ. ಅದು ಆಕೆಯ ಬೆರಳಿಗೆ ಸಿಕ್ಕಿತು.

"ಇಲ್ಲಿ ಉಬ್ಬೈತಲ್ಲ. ಕನಕವ್ವನ ಹೆಸರು ಎಲ್ಲೈತಿ?"

ಆಕೆಯ ಬೆರಳು ಹಿಡಿದು ಆ ಜಾಗದ ಮೇಲಿಟ್ಟೆ. ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಬೆರಳನ್ನು ಪಕ್ಕಕ್ಕೆ ಸರಿಸಿದಳು.

"ಇದು ಹುಡುಗನ ಹೆಸರೇನು?"

"ಹೌದವ್ವಾ."

"ಏನಂತ?"

"ಮಲ್ಲೇಶಿ."

"ಮಲ್ಲೇಶಿ" ಎಂದು ಆಕೆಯೂ ಒಮ್ಮೆ ಹೇಳಿದಳು. ಮದುವೆ ಯಾವ ದಿನ ಎಂದು ಕೇಳಿದಳು. ಹೇಳಿದೆ. ಹಿತ್ತಲಲ್ಲಿದ್ದ ತಮ್ಮನನ್ನು ಕೂಗಿ, ಆ ದಿನ ಗಾಡಿಯನ್ನು ಬೇರೆ ಯಾರಿಗೂ ಕೊಡಬೇಡ ಎಂದಳು.